ಪೇಲ್ ಏಲ್ ಪಾತ್ರೆಗೆ ಮೂರು ದಿನದ ಜ್ವರ

ಚಿಕೊ ಎಂಬುದು ಕ್ಯಾಲಿಫೋರ್ನಿಯಾದ ಒಂದು ಊರು. ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ತಯಾರಿಸುವವರಿಗೆ ಅದು ಒಂದು ಯೀಸ್ಟ್ ತಳಿಯ ಹೆಸರೂ ಹೌದು. ಆ ಊರಿನ ಸಿಯೆರಾ ನೆವಾಡಾ ಕಂಪನಿ 1980ರಲ್ಲಿ ತಯಾರಿಸತೊಡಗಿದ ಪೇಲ್ ಏಲ್ ಎಂಬ ಬಗೆಯ ಬಿಯರ್‌ನಿಂದ ಆ ತಳಿ ಹೆಸರಾಯಿತು. ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಕೆನ್ ಗ್ರಾಸ್‌ಮನ್ ಅದಕ್ಕೂ ಮುನ್ನ ಅಲ್ಲೇ ಮನೆ ಬಿಯರ್‌ನ ಸಾಮಗ್ರಿ ಮಾರುವ ಅಂಗಡಿ ಇಟ್ಟಿದ್ದವರು.

ಚಿಕೊ ತಳಿಯ ಗುಣವೆಂದರೆ ಅದರ ಸಂಕೋಚ. ತನ್ನದೆಂಬ ಪರಿಮಳವನ್ನು ಅದು ಹೆಚ್ಚು ಸೇರಿಸುವುದಿಲ್ಲ. ಹೀಗಾಗಿ ಬಿಯರಿಗೆ ಕಹಿ, ಪರಿಮಳ ಕೊಡುವ ಹಾಪ್ಸ್ ಹೂಗಳಲ್ಲಿ ಒಂದು ಬಗೆಯಾದ ಕ್ಯಾಸ್ಕೇಡ್‌ನ ಚಕ್ಕೋತದಂಥ ಘಮ ಮುಂದೆ ಬರುತ್ತದೆ. ಇಂಗ್ಲಿಷ್ ಏಲ್ ತಳಿಗಳು ಹಾಗಲ್ಲ. ಅವು ಹಣ್ಣಿನ ವಾಸನೆ ಕೊಡುತ್ತವೆ, ಕೆಲಸ ಮುಗಿಯುತ್ತಲೇ ಗಟ್ಟಿಯಾಗಿ ತಳ ಹಿಡಿಯುತ್ತವೆ. ಮಾಲ್ಟ್‌ನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯದ, ಸಿಹಿ ಬಯಸುವವರಿಗೆ ಅವೇ ಸರಿ.

ಆದರೆ ತಳಿ ಯಾವುದಾದರೂ ಬಿಸಿ ಹೆಚ್ಚಿದರೆ ಆಯ್ಕೆಯ ಶ್ರಮವೆಲ್ಲ ವ್ಯರ್ಥ. ಹೊಸಬರು ಎಡವುವುದು ಇಲ್ಲೇ ಎಂಬುದು ನನ್ನ ದೃಢ ಅಭಿಪ್ರಾಯ. ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೊಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಬಿಡುವಾಗ ಶಾಖವೂ ಹೊಮ್ಮುತ್ತದೆ. 19 ಲೀಟರಿನ ಪಾತ್ರೆಯಲ್ಲಿ ಹುದುಗು ಜೋರಾದಾಗ ಒಳಗಿನ ರಸ ಕೋಣೆಗಿಂತ 3ರಿಂದ 5 ಡಿಗ್ರಿ ಹೆಚ್ಚು ಬಿಸಿಯಾಗಬಹುದು. ಗೋಡೆಯ ಥರ್ಮಾಮೀಟರ್ 22 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿದ್ದರೂ ಒಳಗೆ 26 ಇದ್ದೀತು. ಬಿಸಿ ಏರಿದಷ್ಟೂ ಯೀಸ್ಟ್ ಚುರುಕಾಗುತ್ತದೆ, ಚುರುಕಾದಷ್ಟೂ ಮತ್ತೆ ಬಿಸಿ ಏರುತ್ತದೆ. ಆದ್ದರಿಂದ ಅಳೆಯಬೇಕಾದದ್ದು ಕೋಣೆಯನ್ನಲ್ಲ, ಪಾತ್ರೆಯನ್ನು.

ಮೊದಲ ಮೂರು ದಿನ ಈ ಜ್ವರದ ಮೇಲೆ ಕಣ್ಣಿಡಬೇಕು. ಜೀವಕೋಶಗಳು ವೇಗವಾಗಿ ಹೆಚ್ಚುವ ಆ ಹೊತ್ತಿನಲ್ಲೇ ಬಾಳೆಹಣ್ಣಿನ ವಾಸನೆಯ ಐಸೊಅಮೈಲ್ ಅಸಿಟೇಟ್‌ನಂತಹ ಎಸ್ಟರ್‌ಗಳೂ ಗಂಟಲು ಉರಿಸುವ ಫ್ಯೂಸೆಲ್ ಆಲ್ಕೊಹಾಲ್‌ಗಳೂ ಹುಟ್ಟುತ್ತವೆ. ಒಮ್ಮೆ ಹುಟ್ಟಿದ ಮೇಲೆ, ನಾಲ್ಕನೆಯ ದಿನ ತಂಪು ಮಾಡಿದರೆ ಅವು ಹೋಗುವುದಿಲ್ಲ. ಚಿಕೊ ತಳಿಗೆ ಒಳಗಿನ ತಾಪಮಾನ 18ರಿಂದ 20 ಡಿಗ್ರಿ ಇದ್ದರೆ ಚೆನ್ನ. ಇದಕ್ಕೆ ದುಬಾರಿ ಯಂತ್ರವೇನೂ ಬೇಕಿಲ್ಲ. ನೀರು ತುಂಬಿದ ಅಗಲವಾದ ಟಬ್ಬಿನಲ್ಲಿ ಪಾತ್ರೆಯನ್ನು ಇಟ್ಟು, ಬೆಳಿಗ್ಗೆ ಮತ್ತು ಸಂಜೆ ಮಂಜುಗಟ್ಟಿದ ನೀರಿನ ಬಾಟಲಿಗಳನ್ನು ಬದಲಿಸಿದರಾಯಿತು. ಪಶ್ಚಿಮ ನಾರ್ವೆಯ ಹಳ್ಳಿಗಳ ಕ್ವೈಕ್ ಯೀಸ್ಟ್‌ಗಳು 35 ಡಿಗ್ರಿಯಲ್ಲೂ ಶುದ್ಧ ರುಚಿ ಕೊಡಬಲ್ಲವು. ಆದರೆ ಅವು ತಲೆಮಾರುಗಳಿಂದ ಆ ಬಿಸಿಯಲ್ಲೇ ಪಳಗಿದವು.

ಹುದುಗಿನ ಕೊನೆಯಲ್ಲಿ ಮಾತ್ರ ತಂಪಿನ ಹಟ ಬಿಡಬೇಕು. ಯೀಸ್ಟ್ ಹೊರಬಿಟ್ಟ ಒಂದು ವಸ್ತು ರಸದಲ್ಲಿ ತಾನಾಗಿಯೇ ಡೈಅಸಿಟೈಲ್ ಆಗುತ್ತದೆ. ಅದರ ವಾಸನೆ ಬೆಣ್ಣೆಯದು. ಯೀಸ್ಟ್ ಎಚ್ಚರವಾಗಿದ್ದರೆ ಅದನ್ನು ಮತ್ತೆ ಹೀರಿಕೊಂಡು ವಾಸನೆಯಿಲ್ಲದಂತೆ ಮಾಡುತ್ತದೆ. ಒಂದೆರಡು ಡಿಗ್ರಿ ಏರಲು ಬಿಟ್ಟು ಎರಡು ದಿನ ಕಾದರೆ ಈ ಕೆಲಸ ಬೇಗ ಮುಗಿಯುತ್ತದೆ. ಅವಸರಪಟ್ಟು ಪಾತ್ರೆಯನ್ನು ಫ್ರಿಜ್ಜಿಗೆ ಸೇರಿಸಿದರೆ ಯೀಸ್ಟ್ ನಿದ್ದೆಹೋಗುತ್ತದೆ, ಬೆಣ್ಣೆಯ ವಾಸನೆ ಲೋಟದವರೆಗೂ ಬರುತ್ತದೆ.