ಪದ ಪರಿಚಯ: ಸಸಾರಜನಕ

ಸ್ಕೂಲಿನ ವಿಜ್ಞಾನ ಪುಸ್ತಕದಲ್ಲಿ ಮೊದಲ ಸಲ ಈ ಪದ ನೋಡಿದಾಗ ಅಚ್ಚಿನ ತಪ್ಪು ಅಂದುಕೊಂಡಿದ್ದೆ. ಶುರುವಿನಲ್ಲೇ ಒಂದು 'ಸ' ಜಾಸ್ತಿ ಯಾಕೆ? ಪೆನ್ಸಿಲ್‌ನಲ್ಲಿ ಹೊಡೆದೂ ಹಾಕಿದೆ. ಉಳಿದದ್ದು 'ಸಾರಜನಕ'. ಅದು ನೈಟ್ರೋಜನ್‌ನ ಹೆಸರು, ಗಾಳಿಯಲ್ಲಿ ನೂರಕ್ಕೆ 78 ಪಾಲು ಇರುವ ಅನಿಲ. ಪರೀಕ್ಷೆಯಲ್ಲೂ ಹಾಗೇ ಬರೆದು ಒಂದು ಮಾರ್ಕ್ಸ್ ಕಳೆದುಕೊಂಡೆ.

ಆ 'ಸ' ಅಂದರೆ 'ಕೂಡಿದ'. ಸಕುಟುಂಬ, ಸಪರಿವಾರ ಅಂತೀವಲ್ಲ, ಹಾಗೆ. ಸಾರಜನಕ ಕೂಡಿದ್ದು ಸಸಾರಜನಕ, ಅಂದರೆ ಪ್ರೋಟೀನ್. ಪಿಷ್ಟ, ಎಣ್ಣೆಗಳು ಇಂಗಾಲ, ಜಲಜನಕ, ಆಮ್ಲಜನಕದಿಂದಲೇ ಆಗಿವೆ. ಪ್ರೋಟೀನ್‌ನಲ್ಲಿ ಮಾತ್ರ ತೂಕದ ನೂರಕ್ಕೆ ಸುಮಾರು 16 ಪಾಲು ಸಾರಜನಕ ಇರುತ್ತದೆ. ಅದಕ್ಕೇ ಲ್ಯಾಬ್‌ನಲ್ಲಿ ಆಹಾರದ ಸಾರಜನಕ ಅಳೆದು, ಅದನ್ನು 6.25ರಿಂದ (ನೂರನ್ನು 16ರಿಂದ ಭಾಗಿಸಿದರೆ ಬರೋದು) ಗುಣಿಸಿ ಪ್ರೋಟೀನ್ ಲೆಕ್ಕ ಹಾಕುವ ರೂಢಿ. ಕನ್ನಡದ ಹೆಸರಲ್ಲೇ ಈ ಗುಟ್ಟು ಇದೆ, ಇಂಗ್ಲಿಷ್ ಹೆಸರಲ್ಲಿ ಇಲ್ಲ.

ಹೆಸರಲ್ಲಿ 'ಸಾರ' ಇದ್ದರೂ ಅದು ಸಾರಿನಲ್ಲಿ ಇರೋದು ಸ್ವಲ್ಪವೇ. ನಮ್ಮ ಮಂಡ್ಯದ ಬಸ್ಸಾರನ್ನೇ ನೋಡಿ. ಹುರುಳಿಕಾಳೋ ಅಲಸಂದೆಯೋ ಸೊಪ್ಪಿನ ಜೊತೆ ಬೇಯಿಸಿ, ಕಟ್ಟು ಬಸಿದುಕೊಳ್ಳುತ್ತಾರೆ. ಬೆಳ್ಳುಳ್ಳಿ, ಕಾಯಿ, ಮೆಣಸಿನಕಾಯಿ ಹುರಿದು, ಒಂದು ಹಿಡಿ ಬೆಂದ ಕಾಳೂ ಸೇರಿಸಿ ರುಬ್ಬಿ, ಕಟ್ಟಿಗೆ ಹಾಕಿ ಕುದಿಸಿದರೆ ಸಾರು. ಮಿಕ್ಕ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಕಟ್ಟಿನಲ್ಲಿ ರುಚಿ ಇದೆ, ಉಪ್ಪು ಖಾರ ಇದೆ. ಪ್ರೋಟೀನ್ ಬಹುಪಾಲು ಪಲ್ಯದಲ್ಲೇ ಉಳಿದಿರುತ್ತದೆ. ನಾನು ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿ, ಪಲ್ಯ ತಟ್ಟೆಯ ಅಂಚಿಗೆ ತಳ್ಳುತ್ತಿದ್ದವನು. "ಕಾಳ್ ಬುಟ್ಟು ಬರೀ ಸಾರ್ ಉಣ್ಬ್ಯಾಡ ಕಣ್ ಮಗಾ" ಅಂತ ಅವ್ವ ದಿನಾ ಬೈಯುತ್ತಿದ್ದಳು. ಅವಳಿಗೆ 6.25 ಗೊತ್ತಿರಲಿಲ್ಲ.

ಮುದ್ದೆ ಜೊತೆ ಕಾಳು ಯಾಕೆ ಬೇಕು? ಪ್ರೋಟೀನ್ ಅನ್ನೋದು ಅಮೈನೋ ಆಮ್ಲಗಳ ಸರ. ಅದರಲ್ಲಿ 9 ಬಗೆಯನ್ನು ನಮ್ಮ ದೇಹ ಮಾಡಿಕೊಳ್ಳಲಾರದು, ಊಟದಿಂದಲೇ ಬರಬೇಕು. ಆ ಒಂಬತ್ತರಲ್ಲಿ ಲೈಸಿನ್ ಅನ್ನೋದು ರಾಗಿಯಲ್ಲಿ ಕಡಿಮೆ, ಮೆಥಿಯೋನಿನ್ ಅನ್ನೋದು ಚೆನ್ನಾಗಿದೆ. ಕಾಳಿನಲ್ಲಿ ಇದರ ಉಲ್ಟಾ. ಒಂದರ ಕೊರತೆ ಇನ್ನೊಂದು ತುಂಬುತ್ತದೆ. ಒಂದೇ ಊಟದಲ್ಲಿ ಎರಡೂ ಇರಲೇಬೇಕು ಅಂತೇನಿಲ್ಲ, ದಿನದೊಳಗೆ ಸೇರಿದರೆ ಸಾಕು.

ಎಷ್ಟು ಬೇಕು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಶಿಫಾರಸು ದೊಡ್ಡವರಿಗೆ ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ. ಧಾನ್ಯವೇ ಜಾಸ್ತಿ ತಿನ್ನೋರು 1 ಗ್ರಾಂ ಅಂತ ಇಟ್ಟುಕೊಳ್ಳಬಹುದು. 55 ಕೆಜಿ ಇರುವವರಿಗೆ 46ರಿಂದ 55 ಗ್ರಾಂ ಆಯಿತು. ಎರಡು ಮುದ್ದೆಗೆ 150 ಗ್ರಾಂ ಹಿಟ್ಟು ಅಂದರೆ ಸುಮಾರು 11 ಗ್ರಾಂ ಪ್ರೋಟೀನ್. ನೂರು ಗ್ರಾಂ ಅಕ್ಕಿಯ ಅನ್ನಕ್ಕೆ 8. ಒಣ ಲೆಕ್ಕದಲ್ಲಿ 60 ಗ್ರಾಂ ಹುರುಳಿಗೆ 13. ಒಂದು ದೊಡ್ಡ ಬಟ್ಟಲು ಮೊಸರಿಗೆ 6, ಒಂದು ಹಿಡಿ ಕಡಲೆಕಾಯಿ ಬೀಜಕ್ಕೆ 7. ಒಟ್ಟು 45. ಇನ್ನು ಒಂದು ಹಿಡಿ ಹೆಸರುಬೇಳೆ ನೆನೆಸಿ ಕೋಸಂಬರಿ ಮಾಡಿದರೆ 50 ದಾಟಿತು. ಡಬ್ಬದ ಪೌಡರ್ ಬೇಕಾಗಲಿಲ್ಲ, ಅಲ್ವಾ? ಅದೇ ಪಲ್ಯ ಅಂಚಿಗೆ ತಳ್ಳಿದರೆ ಲೆಕ್ಕದಿಂದ ಹತ್ತಾದರೂ ಗ್ರಾಂ ಸುಮ್ನೆ ಹೋಯಿತು.

ಕಡಲೆಕಾಯಿ ಅಂದಾಗ ನೆನಪಾಯಿತು. ಮೈಸೂರಿನ ಚೆಲುವಾಂಬ ಮ್ಯಾನ್ಷನ್‌ನಲ್ಲಿ 1950ರಲ್ಲಿ ಶುರುವಾದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ, ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟಿಗೆ ಕಡಲೆ ಹಿಟ್ಟು ಬೆರೆಸಿ ಪ್ರೋಟೀನ್ ತುಂಬಿದ ಅಗ್ಗದ ಆಹಾರ ತಯಾರಿಸಿತ್ತು. ಆ ಹಿಟ್ಟು ನಾನು ತಿಂದಿಲ್ಲ. ಈಗ ನಾನು ತಿನ್ನೋದು ರಾತ್ರಿ ಉಳಿದ ಹುರುಳಿ ಪಲ್ಯ, ಬೆಳಿಗ್ಗೆ ಅಕ್ಕಿರೊಟ್ಟಿ ಜೊತೆ.