ಬಾಟಲಿಯಲ್ಲಿ ಬದುಕುವ ಮನಿ ಪ್ಲಾಂಟ್ ಕುಂಡದಲ್ಲಿ ಯಾಕೆ ಕೊಳೆಯುತ್ತದೆ?

ಎಲೆ ಜೋತು ಬಿತ್ತು ಅಂದರೆ ಸಾಕು, ಚೊಂಬು ಹಿಡಿದು ಓಡುವವರೇ ಜಾಸ್ತಿ. ಮನೆಯೊಳಗಿನ ಮನಿ ಪ್ಲಾಂಟ್‌ಗಳು ಹೆಚ್ಚಾಗಿ ಸಾಯುವುದು ಈ ಚೊಂಬಿನಿಂದಲೇ.

ಮೊದಲು ಮಣ್ಣಿಗೆ ಬೆರಳು ತೂರಿಸಿ ನೋಡಿ. ಒಳಗೂ ಒಣಗಿದ್ದರೆ ಚಿಂತೆ ಬೇಡ, ನೀರು ಹಾಕಿ, ಬಹುತೇಕ ಗಿಡಗಳು ಸಂಜೆಯೊಳಗೆ ಎದ್ದು ನಿಲ್ಲುತ್ತವೆ. ಮಣ್ಣು ಒದ್ದೆ ಇದ್ದೂ ಎಲೆ ಸೋತಿದೆಯಾ? ಹಾಗಾದರೆ ಬೇರಿಗೆ ಉಸಿರು ಕಟ್ಟಿದೆ.

ಬೇರೂ ಉಸಿರಾಡುತ್ತದೆ ಅನ್ನುವುದು ನಮಗೆ ಮರೆತೇ ಹೋಗಿರುತ್ತದೆ. ಎಲೆ ತಯಾರಿಸಿದ ಸಕ್ಕರೆ ಬೇರಿಗೆ ಇಳಿದು ಬರುತ್ತದೆ. ಅದರಿಂದ ಶಕ್ತಿ ಪಡೆಯಲು ಆಮ್ಲಜನಕ ಬೇಕು. ಅದು ಸಿಗುವುದು ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿರುವ ಗಾಳಿಯಿಂದ. ಆ ಸಂದುಗಳಲ್ಲಿ ನೀರು ತುಂಬಿಕೊಂಡರೆ ಕಷ್ಟ, ಯಾಕೆಂದರೆ ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ.

ಆದರೆ ಸುತ್ತ ನೀರಿದ್ದೂ ಎಲೆ ಯಾಕೆ ಬಾಡಬೇಕು? ನೀರು ಒಳಬರಲೆಂದೇ ಬೇರಿನ ಜೀವಕೋಶಗಳ ಪೊರೆಯಲ್ಲಿ ಅಕ್ವಾಪೋರಿನ್ ಎಂಬ ಪ್ರೊಟೀನ್‌ನ ಕಿಂಡಿಗಳಿವೆ. ಆಮ್ಲಜನಕ ಸಿಗದಾಗ ಜೀವಕೋಶದೊಳಗೆ ಆಮ್ಲದ ಅಂಶ ಹೆಚ್ಚುತ್ತದೆ, ಕಿಂಡಿಗಳು ಮುಚ್ಚಿಕೊಳ್ಳುತ್ತವೆ. ಸಾಸಿವೆಯ ಕುಟುಂಬದ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಇದನ್ನು 2003ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಅಂದರೆ ಗಿಡ ನೀರಲ್ಲಿ ನಿಂತೇ ಬಾಯಾರುತ್ತದೆ. ನಾವು ಅದನ್ನು ನೋಡಿ ಇನ್ನೊಂದು ಚೊಂಬು ಸುರಿಯುತ್ತೇವೆ! ಆಮೇಲೆ ಪಿಥಿಯಂ ಎಂಬ ಸೂಕ್ಷ್ಮಜೀವಿ ಬರುತ್ತದೆ. ನೋಡಲು ಶಿಲೀಂಧ್ರದಂತಿದ್ದರೂ ಇದು ಶಿಲೀಂಧ್ರವಲ್ಲ. ಇದರ ಬೀಜಕಣಗಳು ನೀರಿನಲ್ಲಿ ಈಜಿಕೊಂಡು ಬಂದು ಸೋತ ಬೇರನ್ನು ಹಿಡಿಯುತ್ತವೆ.

ಹಾಗಾದರೆ ಟಿವಿ ಪಕ್ಕದ ಗಾಜಿನ ಬಾಟಲಿಯಲ್ಲಿ, ಬರೀ ನೀರಿನಲ್ಲಿ ಅದೇ ಮನಿ ಪ್ಲಾಂಟ್ ವರ್ಷಗಟ್ಟಲೆ ಇರುತ್ತದಲ್ಲ? ನ್ಯಾಯವಾದ ಪ್ರಶ್ನೆ. ಕುಂಡದ ಮಣ್ಣಿನಲ್ಲಿ ಬೇರು ಮಾತ್ರ ಇರುವುದಿಲ್ಲ. ಗೊಬ್ಬರವನ್ನು ತಿಂದು ಬದುಕುವ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳೂ ಇರುತ್ತವೆ. ಇದ್ದಷ್ಟು ಆಮ್ಲಜನಕವನ್ನು ಅವೂ ಬಳಸಿಬಿಡುತ್ತವೆ. ಬಾಟಲಿಯಲ್ಲಿ ಕೊಳೆಯುವಂಥದ್ದು ಕಡಿಮೆ, ನೀರು ಬದಲಿಸಿದಾಗಲೆಲ್ಲ ಹೊಸ ಆಮ್ಲಜನಕವೂ ಬರುತ್ತದೆ. ಜೊತೆಗೆ, ನೀರಿನಲ್ಲೇ ಹುಟ್ಟಿದ ಬೇರುಗಳಲ್ಲಿ ಸಾಮಾನ್ಯವಾಗಿ ಗಾಳಿ ಓಡಾಡುವ ಪೊಳ್ಳು ಜಾಗ ಹೆಚ್ಚು. ಮಣ್ಣಿಗೆ ಒಗ್ಗಿಕೊಂಡ ಬೇರಿಗೆ ಆ ಅನುಕೂಲ ಇಲ್ಲ.

ಗಿಡ ಉಳಿಸಬೇಕಾದರೆ ಕುಂಡದಿಂದ ಹೊರಗೆ ತೆಗೆಯಲೇಬೇಕು. ಮೂಗಿಗೇ ಅರ್ಧ ವಿಷಯ ಗೊತ್ತಾಗುತ್ತದೆ: ಮಳೆ ಬಿದ್ದ ಮಣ್ಣಿನ ವಾಸನೆ ಇದ್ದರೆ ಪರವಾಗಿಲ್ಲ, ಚರಂಡಿ ವಾಸನೆ ಬಂದರೆ ಕೊಳೆತಿದೆ. ಒಂದು ಬೇರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಒಳ್ಳೆಯ ಬೇರು ಬೆಳ್ಳಗೆ, ಗಟ್ಟಿಯಾಗಿರುತ್ತದೆ. ಕೊಳೆತದ್ದರ ಕಂದು ಸಿಪ್ಪೆ ಲೋಳೆಯಂತೆ ಜಾರಿ ಬಂದು, ಒಳಗಿನ ತೆಳ್ಳನೆ ನಾರು ಮಾತ್ರ ಉಳಿಯುತ್ತದೆ. ಅಂಥವನ್ನೆಲ್ಲ ಸ್ಪಿರಿಟ್‌ನಿಂದ ಒರೆಸಿದ ಕತ್ತರಿಯಲ್ಲಿ ಕತ್ತರಿಸಿ. ಕುಂಡ ದೊಡ್ಡದು ಬೇಡ, ತಳದಲ್ಲಿ ತೂತು ಇರಲಿ. ತಳಕ್ಕೆ ಜಲ್ಲಿ ಹಾಕಿದರೆ ನೀರು ಬಸಿಯುತ್ತದೆ ಅನ್ನುವುದು ಸುಳ್ಳು. ಮಣ್ಣಿನ ಸಣ್ಣ ಸಂದುಗಳಿಂದ ಜಲ್ಲಿಯ ದೊಡ್ಡ ಸಂದುಗಳಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ, ಒದ್ದೆ ಪದರ ಬೇರಿಗೆ ಇನ್ನೂ ಹತ್ತಿರವಾಗುತ್ತದೆ ಅಷ್ಟೇ. ಬದಲಿಗೆ ಮಣ್ಣಿಗೇ ಪರ್ಲೈಟ್ ಎಂಬ ಹಗುರವಾದ ಬಿಳಿ ಹರಳು ಅಥವಾ ದಪ್ಪ ಮರಳು ಬೆರೆಸಿ.

ಬೇರುಗಳೆಲ್ಲ ಹೋಗಿದ್ದರೂ ಬಳ್ಳಿ ಇದೆಯಲ್ಲ. ಗಿಣ್ಣಿನ ಬಳಿ ಕಂದು ಬಣ್ಣದ ಪುಟ್ಟ ಮೊಳೆ ಕಾಣುತ್ತದೆ, ಅದು ಬಿಳಲಿನ ಮೊದಲ ರೂಪ. ಅದರ ಸ್ವಲ್ಪ ಕೆಳಗೆ ಕತ್ತರಿಸಿ, ಗಿಣ್ಣು ಮುಳುಗುವಂತೆ ನೀರಿನಲ್ಲಿಡಿ. ಎಲೆ ಮಾತ್ರ ಇಟ್ಟರೆ ಬೇರು ಬಂದರೂ ಬಳ್ಳಿ ಬರುವುದಿಲ್ಲ, ಚಿಗುರುವ ಮೊಗ್ಗು ಇರುವುದು ಗಿಣ್ಣಿನಲ್ಲೇ. ಮನಿ ಪ್ಲಾಂಟ್ ಶಾಂತಸಾಗರದ ಮೊರೇಯ ದ್ವೀಪದಿಂದ ನಮ್ಮ ಬಾಲ್ಕನಿವರೆಗೆ ಬಂದದ್ದೂ ಹೀಗೆ ತುಂಡುಗಳಾಗಿಯೇ. ಇದು ತಾನಾಗಿ ಹೂ ಬಿಡುವುದೇ ಅಪರೂಪ. ಹೂವಿಗೆ ಬೇಕಾದ ಜಿಬ್ಬರೆಲಿನ್ ಹಾರ್ಮೋನ್ ತಯಾರಿಸುವ ಜೀನ್ ಸರಿಯಾಗಿ ಕೆಲಸ ಮಾಡದಿರುವುದು ಇದಕ್ಕೆ ಕಾರಣ ಎಂದು 2016ರಲ್ಲಿ ಗೊತ್ತಾಯಿತು.

ಇನ್ನು ಬೆಳಕು. ಬಯಲಿನಲ್ಲಿ ಮಧ್ಯಾಹ್ನ ಸುಮಾರು 1 ಲಕ್ಷ ಲಕ್ಸ್ (ಬೆಳಕಿನ ಅಳತೆ) ಇದ್ದರೆ, ಹಾಲ್‌ನ ಮೂಲೆಯಲ್ಲಿ ಕೆಲವು ನೂರು ಕೂಡ ಇರುವುದು ಕಷ್ಟ. ನಮ್ಮ ಕಣ್ಣು ಹೊಂದಿಕೊಳ್ಳುತ್ತದೆ, ಹಾಗಾಗಿ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಬೆಳಕು ಕಡಿಮೆಯಾದರೆ ಗಿಡ ಕುಡಿಯುವ ನೀರೂ ಕಡಿಮೆ. ಬಾಲ್ಕನಿಯಲ್ಲಿ ಸರಿಹೋಗುತ್ತಿದ್ದ ಅಳತೆ ಮೂಲೆಯಲ್ಲಿ ಜಾಸ್ತಿಯಾಗುವುದು ಇದಕ್ಕೇ. ಚೇತರಿಸಿಕೊಳ್ಳುವ ಗಿಡವನ್ನು ಕಿಟಕಿಯ ಹತ್ತಿರ, ನೇರ ಬಿಸಿಲು ಬೀಳದ ಕಡೆ ಇಡಿ.

ಪಾಪ, ಸುಸ್ತಾಗಿದೆ ಅಂತ ಸುಮ್ನೆ ಗೊಬ್ಬರ ಹಾಕಬೇಡಿ. ಮಣ್ಣಿನಲ್ಲಿ ಲವಣ ಹೆಚ್ಚಾದರೆ ಬೇರಿಗೆ ನೀರು ಎಳೆದುಕೊಳ್ಳುವುದೇ ಕಷ್ಟ. ಪೂರ್ತಿ ಹಳದಿಯಾದ ಎಲೆ ಮತ್ತೆ ಹಸಿರಾಗುತ್ತದೆ ಎಂದು ಕಾಯುವುದೂ ಬೇಡ, ಅದರಲ್ಲಿದ್ದ ಸಾರಜನಕವನ್ನು ಗಿಡ ಆಗಲೇ ಸುಳಿಯ ಕಡೆ ಸಾಗಿಸಿರುತ್ತದೆ. ಸುಳಿಯಿಂದ ಹೊಸ ಎಲೆ ಪೂರ್ತಿ ಬಿಚ್ಚಿಕೊಂಡ ಮೇಲೆ, ಪೊಟ್ಟಣದಲ್ಲಿ ಬರೆದ ಅಳತೆಯ ಅರ್ಧದಷ್ಟು ಗೊಬ್ಬರ ಕೊಟ್ಟರೆ ಸಾಕು.