‘ಲಿಂಗ’ ಎಂಬ ಒಂದು ಪದ, 56 ವರ್ಷಗಳ ಕಾಯುವಿಕೆ

ಅಮೆರಿಕದ 1964ರ ನಾಗರಿಕ ಹಕ್ಕುಗಳ ಕಾಯ್ದೆಯು ಜನಾಂಗ, ಬಣ್ಣ, ಧರ್ಮ, ಲಿಂಗ ಮತ್ತು ರಾಷ್ಟ್ರೀಯ ಮೂಲದ ಆಧಾರದ ಮೇಲೆ ಉದ್ಯೋಗದಲ್ಲಿ ತಾರತಮ್ಯ ಮಾಡುವುದನ್ನು ನಿಷೇಧಿಸಿತು. ಅಲ್ಲಿನ ‘ಲಿಂಗ’ ಎಂಬ ಪದ ಟ್ರಾನ್ಸ್‌ಜೆಂಡರ್ ಉದ್ಯೋಗಿಗಳನ್ನೂ ಕಾಯುತ್ತದೆಯೇ ಎಂಬ ಪ್ರಶ್ನೆ ಇತ್ಯರ್ಥವಾಗಲು 56 ವರ್ಷ ಹಿಡಿಯಿತು. ವಿಮಾನಯಾನ ಸಂಸ್ಥೆಯೊಂದು ಕೆಲಸದಿಂದ ತೆಗೆದುಹಾಕಿದ ಪೈಲಟ್ ಕರೆನ್ ಯುಲೇನ್ ಅವರಿಗೆ 1984ರಲ್ಲಿ ಮೇಲ್ಮನವಿ ನ್ಯಾಯಾಲಯ ನೀಡಿದ ಉತ್ತರ ‘ಇಲ್ಲ’ ಎಂಬುದಾಗಿತ್ತು.

ಹಾಗಾದರೆ ಹೊಸ ಕಾನೂನೇ ಬೇಕು ಎಂಬ ಬೇಡಿಕೆ ಬಲಗೊಂಡಿತಾದರೂ, 1994ರಲ್ಲಿ ಸಂಸತ್ತಿನಲ್ಲಿ ಮಂಡನೆಯಾದ ಉದ್ಯೋಗ ತಾರತಮ್ಯ ನಿಷೇಧ ಮಸೂದೆ ಲೈಂಗಿಕ ಒಲವನ್ನಷ್ಟೇ ಹೆಸರಿಸಿತ್ತು. ಲಿಂಗತ್ವ ಅಸ್ಮಿತೆಯನ್ನೂ, ಅಂದರೆ ತಾನು ಹೆಣ್ಣೋ ಗಂಡೋ ಎಂಬ ವ್ಯಕ್ತಿಯ ಸ್ವಂತ ಅರಿವನ್ನೂ, ಒಳಗೊಂಡ ಮಸೂದೆ ಬಂದದ್ದು 2007ರಲ್ಲಿ. ಅದಕ್ಕೆ ಸಾಕಷ್ಟು ಮತಗಳಿಲ್ಲ ಎಂದು ಲೆಕ್ಕ ಹಾಕಿದ ಸಂಸದ ಬಾರ್ನಿ ಫ್ರಾಂಕ್, ಆ ಭಾಗವನ್ನು ಬೇರ್ಪಡಿಸಿದರು. ಈಗ ಸಿಕ್ಕಷ್ಟು ಪಡೆಯೋಣ, ಉಳಿದವರನ್ನು ಮುಂದೆ ಸೇರಿಸಿಕೊಳ್ಳೋಣ ಎಂಬುದು ಆ ನಡೆಯ ಹಿಂದಿದ್ದ ವಾದ. ಮುನ್ನೂರಕ್ಕೂ ಹೆಚ್ಚು ಸಂಘಟನೆಗಳು ಒಂದಾಗಿ ಇದನ್ನು ವಿರೋಧಿಸಿದವು. ನವೆಂಬರ್‌ನಲ್ಲಿ ಮೊಟಕುಗೊಂಡ ಮಸೂದೆ ಕೆಳಮನೆಯಲ್ಲಿ 235–184 ಮತಗಳಿಂದ ಅಂಗೀಕಾರವಾಯಿತು, ಆದರೆ ಮೇಲ್ಮನೆಯಾದ ಸೆನೆಟ್‌ನಲ್ಲಿ ಮತಕ್ಕೇ ಬರಲಿಲ್ಲ. ಕೈಬಿಟ್ಟವರನ್ನು ಕೈಬಿಟ್ಟದ್ದೇ ಬಂತು, ಯಾರಿಗೂ ರಕ್ಷಣೆ ದಕ್ಕಲಿಲ್ಲ.

‘ಮುಂದೆ’ ಎಂಬ ಮಾತಿನ ಬೆಲೆ ಎಷ್ಟೆಂಬುದನ್ನು ರಾಜ್ಯಗಳ ಅನುಭವದಿಂದ ಅಳೆಯಬಹುದು. ಮಿನ್ನೆಸೋಟ 1993ರಲ್ಲಿ ಒಂದೇ ಕಾನೂನಿನಲ್ಲಿ ಎಲ್ಲರನ್ನೂ ಸೇರಿಸಿತು. ಸಲಿಂಗಿಗಳ ರಕ್ಷಣೆಗೆ 2002ರಲ್ಲಿ ಕಾನೂನು ಮಾಡಿದ ನ್ಯೂಯಾರ್ಕ್ ರಾಜ್ಯ, ಟ್ರಾನ್ಸ್‌ಜೆಂಡರ್ ಜನರನ್ನು ಅದೇ ರಕ್ಷಣೆಯೊಳಗೆ ತಂದದ್ದು 2019ರಲ್ಲಿ. ಇಷ್ಟು ವರ್ಷ ಕಾಯುವುದೆಂದರೆ ಒಬ್ಬರ ದುಡಿಮೆಯ ಬದುಕಿನ ಅರ್ಧ ಭಾಗವೇ ಕಳೆದುಹೋದಂತೆ. ಮೇಲಾಗಿ, ಇಂಥ ವಿಭಜನೆ ಸಲಿಂಗಿಗಳನ್ನೂ ಪೂರ್ತಿ ಕಾಯುವುದಿಲ್ಲ. ನಡೆ, ಉಡುಪು, ಧ್ವನಿ ‘ಗಂಡಸಿನಂತಿಲ್ಲ’ ಎಂಬ ನೆಪ ಒಡ್ಡಿ ಒಬ್ಬನನ್ನು ತೆಗೆದುಹಾಕಿದ ಮಾಲೀಕ, ತಾನು ಆಕ್ಷೇಪಿಸಿದ್ದು ಅವನ ಲೈಂಗಿಕ ಒಲವನ್ನಲ್ಲ ಎಂದು ವಾದಿಸಬಹುದಲ್ಲವೇ?

ಎಲ್ಲರನ್ನೂ ಒಳಗೊಂಡ ಮಸೂದೆಯನ್ನು 2013ರಲ್ಲಿ ಸೆನೆಟ್ 64–32ರಿಂದ ಒಪ್ಪಿತು. ಈ ಬಾರಿ ಕೆಳಮನೆ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಅದೇ ವರ್ಷ ಮಿಷಿಗನ್‌ನ ಶವಸಂಸ್ಕಾರ ಸಂಸ್ಥೆಯೊಂದರಲ್ಲಿ ದುಡಿಯುತ್ತಿದ್ದ ಏಮಿ ಸ್ಟೀಫನ್ಸ್, ರಜೆ ಮುಗಿಸಿ ಬಂದ ಮೇಲೆ ತಾನು ಮಹಿಳೆಯಾಗಿಯೇ ಕೆಲಸಕ್ಕೆ ಹಾಜರಾಗುವುದಾಗಿ ಪತ್ರ ಬರೆದುಕೊಟ್ಟರು ಮತ್ತು ಕೆಲಸ ಕಳೆದುಕೊಂಡರು. ಅವರದೂ ಸೇರಿದಂತೆ ಮೂರು ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್ 2020ರ ಜೂನ್ 15ರಂದು 6–3ರ ಬಹುಮತದ ತೀರ್ಪು ನೀಡಿ, ಟ್ರಾನ್ಸ್‌ಜೆಂಡರ್ ಎಂಬ ಕಾರಣಕ್ಕೆ ವಜಾ ಮಾಡುವುದು ಲಿಂಗಾಧಾರಿತ ತಾರತಮ್ಯವೇ ಎಂದಿತು. ಏಮಿ ಅದಕ್ಕೆ ಒಂದು ತಿಂಗಳ ಹಿಂದಷ್ಟೇ ತೀರಿಕೊಂಡಿದ್ದರು.

ಈ ಗೆಲುವು ದೊಡ್ಡದು, ಆದರೆ ಅದರ ಬುಡ ಇನ್ನೂ ಆ ಒಂದು ಪದದ ವ್ಯಾಖ್ಯಾನದಲ್ಲಿದೆ. ಶೌಚಾಲಯ, ಉಡುಪಿನ ನಿಯಮಗಳ ಪ್ರಶ್ನೆಯನ್ನು ತೀರ್ಪು ಮುಟ್ಟಲಿಲ್ಲ. 15ಕ್ಕಿಂತ ಕಡಿಮೆ ನೌಕರರಿರುವ ಸಂಸ್ಥೆಗಳಿಗೆ ಆ ಕಾಯ್ದೆ ಅನ್ವಯಿಸುವುದೇ ಇಲ್ಲ. ಲಿಂಗತ್ವ ಅಸ್ಮಿತೆಯನ್ನು ಹೆಸರಿಟ್ಟು ಹೇಳುವ ಸಮಾನತೆ ಮಸೂದೆ 2019 ಮತ್ತು 2021ರಲ್ಲಿ ಕೆಳಮನೆಯನ್ನು ದಾಟಿ ಸೆನೆಟ್‌ನಲ್ಲಿ ನಿಂತಿತು. ಇತ್ತ 2025ರಲ್ಲಿ ಆಡಳಿತದ ನಿಲುವು ಬದಲಾದಾಗ, ಟ್ರಾನ್ಸ್‌ಜೆಂಡರ್ ಉದ್ಯೋಗಿಗಳ ಪರವಾಗಿ ತಾನೇ ಹೂಡಿದ್ದ ಹಲವು ಮೊಕದ್ದಮೆಗಳನ್ನು ಕೈಬಿಡಲು, ಆ ಕಾಯ್ದೆಯನ್ನು ಜಾರಿಗೊಳಿಸಬೇಕಾದ ಸರ್ಕಾರಿ ಸಂಸ್ಥೆಯಾದ ಸಮಾನ ಉದ್ಯೋಗಾವಕಾಶ ಆಯೋಗ ಮುಂದಾಯಿತು.